ಮೂಗಿನಿಂದ ಗದ್ದಕ್ಕೆ ಎಷ್ಟು ದೂರ

ಹಲ್ಲಕ್ಕ ಮಾಡಿಕೊಟ್ಟ ಹಲ್ಲುಗಳು ಊರಲ್ಲಿ ಎಷ್ಟು ಬಾಯಲ್ಲಿ ನಗುತ್ತಿವೆಯೋ, ಅವಳಿಗೇ ಲೆಕ್ಕವಿಲ್ಲ. ಮೂವತ್ತು ವರ್ಷದಿಂದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯೇ ಅವಳ ಲೋಕ. ಒಂದು ಕಿಟಕಿ, ಒಂದು ಬೆಂಚು, ಮೇಣ ಕರಗಿಸುವ ಸ್ಪಿರಿಟ್ ದೀಪ, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಪ್ಲಾಸ್ಟರಿನ ಬಾಯಿಗಳು. ಬಾಯಿಗಳುಂಟು, ಮುಖಗಳಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ. ರೋಗಿಗಳು ಕೂರುವ ಮುಂದಿನ ಕೋಣೆಗೂ ಇದಕ್ಕೂ ನಡುವೆ ಒಂದು ಪರದೆ. ಬೋಳು ವಸಡಿನ ಅಚ್ಚಿನ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ನೆಟ್ಟು, ಪರದೆಯ ಸಂದಿಯಿಂದ ಡಾಕ್ಟರ ಕೈಗೆ ದಾಟಿಸಿದರೆ ಅವಳ ಕೆಲಸ ಮುಗಿಯಿತು.

"ಈಚೆ ಬಾರಕ್ಕ, ಯಾರೂ ಕಚ್ಚಲ್ಲ. ಕಚ್ಚೋಕೆ ಹಲ್ಲಾದ್ರೂ ಎಲ್ಲಿದೆ ಇವರಿಗೆ?" ಎಂದು ಡಾಕ್ಟರು ರೇಗಿಸುವರು.

"ಹಲ್ಲಿಲ್ಲದ ಮುಖಾನೇ ಕಣಪ್ಪ ನಂಗೆ ಆಗದೇ ಇರೋದು."

ಡಾಕ್ಟರು ನಗುವರು. ಅವಳು ತಮಾಷೆಗೆ ಹೇಳಿದ್ದಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ ಬೀದಿಗೆಲ್ಲ ಒಂದೇ ಟೀವಿ. ಪಕ್ಕದ ಮನೆಯ ದರ್ಜಿ ಮಾವನದು. ಬೀರುವಿನ ಹಾಗೆ ಬಾಗಿಲಿದ್ದ ಪೆಟ್ಟಿಗೆ. ಭಾನುವಾರ ಸಂಜೆ ಮಕ್ಕಳ ಕಾರ್ಯಕ್ರಮ ಬಂತೆಂದರೆ ದರ್ಜಿ ಮಾವ ಹೊಲಿಗೆ ನಿಲ್ಲಿಸಿ ಬಾಗಿಲು ತೆಗೆಯುವನು. ಎಂಥೆಂಥ ಜನ ಬರುತ್ತಿದ್ದರು! ಎರಡು ಚಮಚ ಹಿಡಿದು ಮಂಡಿ ಮೇಲೆ ತಾಳ ಹಾಕುವ ದಪ್ಪ ಹೆಂಗಸು. ಕೋಳಿಗೆ ಪುಟಾಣಿ ಕೊಡೆ ಕಟ್ಟಿ ಹಗ್ಗದ ಮೇಲೆ ನಡೆಸುವ ಮುದುಕ. ಮೂಗಿನ ಹೊಳ್ಳೆಯಿಂದ ಕೊಳಲೂದುವ ಅಣ್ಣ ತಮ್ಮ. ಅವರನ್ನು ನೆನೆದರೆ ಹಲ್ಲಕ್ಕನಿಗೆ ಇವತ್ತಿಗೂ ಬಾಯಿ ತುಂಬ ನಗು. ಆದರೆ ಕೊನೆಗೆ ಅವನು ಬರುತ್ತಿದ್ದ. ಮೂಗುನುಂಗಣ್ಣ.

ಆಗಲೇ ಬಾಯಲ್ಲಿ ಒಂದು ಹಲ್ಲೂ ಇಲ್ಲದವನು, ಕೋಟು ತೊಟ್ಟು ಬಂದು ಸುಮ್ಮನೆ ನಿಲ್ಲುವನು. ಕೆಳತುಟಿ ಮೆಲ್ಲಗೆ ಏಳುವುದು, ಗದ್ದ ಹಿಂದೆಯೇ ಹತ್ತುವುದು, ಮೂಗು ತುಟಿಯೊಳಗೆ ಮಾಯ! ಮುಖವೆಂದರೆ ಬಾಯಿ ಬಿಗಿದ ಚೀಲ. ಮಿಕ್ಕ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರೆ ಇವಳು ಮಂಚದ ಕೆಳಗೆ, ಅಂಗೈಯಲ್ಲಿ ಮೂಗು ಮುಚ್ಚಿಕೊಂಡು. ಆಟ ಮುಗಿದಾಗ ಅವನು ಬಿಡುವ ಉಸಿರು ಅಲ್ಲಿಗೂ ಕೇಳುವುದು. "ಉಸ್ಸ್..." ಆಮೇಲೆ ನಗುವಿನ ಅಲೆ. ಆ ಉಸ್ಸು ಕೇಳಿದ ಮೇಲೇ ಅವಳು ಈಚೆ ಬರುವುದು.

ಅದೇ ವರ್ಷ ಅವಳ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗಡಿಬಿಡಿಯಲ್ಲಿ ಅಜ್ಜಿಯ ಹಲ್ಲುಸೆಟ್ಟು ಅಲ್ಲಿನ ಲೋಟದಲ್ಲೇ ಉಳಿಯಿತು. ಮನೆಗೆ ತಂದು ಮಲಗಿಸಿದ ಅಜ್ಜಿಯ ಮುಖ ಕುಸಿದು, ಗದ್ದ ಮೂಗಿಗೆ ತಾಗುವಂತಿತ್ತು. ಹುಡುಗಿ ನೋಡಿದಳು. "ಅಯ್ಯೋ, ಮೂಗುನುಂಗ ಬಂದುಬಿಟ್ಟ!" ಎಂದು ಮನೆ ಕಿತ್ತುಹೋಗುವಂತೆ ಕಿರುಚಿದಳು. ಚಿಕ್ಕಪ್ಪ ಕೆನ್ನೆಗೆ ಬಿಟ್ಟ. ಪೆಟ್ಟು ಮರೆತುಹೋಯಿತು, ಮುಖ ಮರೆಯಲಿಲ್ಲ. ಬೆಳೆದು ಈ ಕಸುಬು ಹಿಡಿದಾಗ ಜನ "ಹೆಣ್ಣಿಗೆ ಎಂಥ ಕೆಲಸ!" ಎಂದರು. ಕುಸಿದ ಮುಖವನ್ನು ಎತ್ತಿ ನಿಲ್ಲಿಸುವ ಕೆಲಸ ಇನ್ನೊಂದಿಲ್ಲವೆಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ.

ಮೊನ್ನೆ ಒಂದು ಅಚ್ಚು ಎರಡನೇ ಸಲ ವಾಪಸು ಬಂತು. ಮೊದಲನೇ ಸಲ ಹಲ್ಲು ಎತ್ತರವಾಗಿ ಕಟಕಟ ಎಂದಿತ್ತು. ಎರಡನೇ ಸಲ ತಗ್ಗಾಗಿ ಮುಖ ಮತ್ತೆ ಕುಸಿಯಿತು. ಹಲ್ಲಿನ ಎತ್ತರ ಸಿಗಬೇಕಾದರೆ ಮೂಗಿನ ತುದಿಗೊಂದು ಚುಕ್ಕೆ, ಗದ್ದಕ್ಕೊಂದು ಚುಕ್ಕೆ ಇಟ್ಟು, ಮುಖ ಸಡಿಲವಾಗಿರುವಾಗ ನಡುವಿನ ದೂರ ಅಳೆಯಬೇಕು.

"ಈ ತಾತನ ಗದ್ದ ನಿಂತಲ್ಲಿ ನಿಲ್ಲಲ್ಲಕ್ಕ," ಎಂದರು ಡಾಕ್ಟರು ಪರದೆಯಾಚೆಯಿಂದ. "ಅಳತೆಪಟ್ಟಿ ಕಂಡ್ರೆ ಸಾಕು, ಮೇಲಕ್ಕೆ ಹತ್ತುತ್ತೆ. ಹಿಂದೆ ಟೀವೀಲಿ ಮೂಗು ನುಂಗ್ತಿದ್ದರಂತೆ. ಇವತ್ತೂ ಆಗದಿದ್ರೆ ಇನ್ನು ಬರಲ್ಲ ಅಂತಾರೆ. ನೀನೇ ಒಂದು ಕೈ ನೋಡು."

ಹಲ್ಲಕ್ಕನ ಕೈಯಲ್ಲಿದ್ದ ಅಚ್ಚು ಬೆಂಚಿಗೆ ಬಡಿಯಿತು. ಎರಡು ವಾರದಿಂದ ಬೆರಳಾಡಿಸಿದ್ದು ಯಾರ ಬಾಯೊಳಗೆ! ಹೆದರುವವರ ಮೇಲೆ ಕಪ್ಪೆ ಎಸೆದರಂತೆ, ಹಾಗಾಯಿತು.

"ಆಗಲ್ಲಪ್ಪ."

ಅಷ್ಟರಲ್ಲಿ ಮುದುಕನ ದನಿ ಕೇಳಿತು. "ಬಿಡಿ ಡಾಕ್ಟ್ರೇ. ನನ್ನ ಕಂಡು ಹೆದರೋರು ಮನೇಲೂ ಇದ್ದಾರೆ. ಮೊಮ್ಮಗಳ ಕೂಸು, ಒಂಬತ್ತು ತಿಂಗಳದು. ಲೋಕದ ಮಕ್ಕಳನ್ನೆಲ್ಲ ನಗಿಸಿದೋನು ನಾನು. ಅದು ಮಾತ್ರ ನನ್ನ ಮುಖ ಕಂಡ್ರೆ ಕಿಟಾರನೆ ಕಿರುಚುತ್ತೆ. ಒಂದು ಸಲಾನೂ ಎತ್ಕೊಂಡಿಲ್ಲ. ಈಗ ಅದರ ಮುಂದೆ ಹೋಗೋಕೆ ನಂಗೇ ಭಯ."

ಕಿರುಚುವ ಕೂಸು. ಹಲ್ಲಕ್ಕನ ಕೆನ್ನೆ ಚುರ್ರೆಂದಿತು. ಪರದೆ ಸರಿಸಿದಳು.

ಕುರ್ಚಿಯಲ್ಲಿ ಒಣಗಿದ ಮುದುಕ. ಮುಖ ಮಾತ್ರ ಅದೇ. ಅವಳು ಅವನ ಕಣ್ಣು ತಪ್ಪಿಸಿ ಮೂಗಿಗೆ, ಗದ್ದಕ್ಕೆ ಚುಕ್ಕೆ ಇಟ್ಟಳು. ಪೆನ್ನು ಜಾರಿ ಗದ್ದದ ಚುಕ್ಕೆ ಗೆರೆಯಾಯಿತು. ಪಟ್ಟಿ ಹಿಡಿದಳು. ಗದ್ದ ಕಳ್ಳಹೆಜ್ಜೆಯಲ್ಲಿ ಮೇಲೆ ಹೊರಟಿತು. ಹಿಂದೆ ಸರಿದಳು.

"ನಾನೇನು ಮಾಡ್ಲಮ್ಮ," ಎಂದ ಮುದುಕ. "ಇದಕ್ಕೆ ಮೂಗು ಅಂದ್ರೆ ತವರುಮನೆ. ದಾರಿ ಕಂಡ್ರೆ ಸಾಕು, ಹೊರಟೇ ಬಿಡುತ್ತೆ."

ನಾಲ್ಕು ಸಲ ಅಳೆದರೆ ನಾಲ್ಕು ಅಳತೆ. ಮುದುಕ ಗದ್ದ ಒರೆಸಿಕೊಂಡು ಎದ್ದು ಚಪ್ಪಲಿ ಹುಡುಕತೊಡಗಿದ. ಆಗ ಹಲ್ಲಕ್ಕನಿಗೆ ಮಂಚದ ಕೆಳಗಿನ ಕತ್ತಲು ನೆನಪಾಯಿತು. ಆ ಉಸ್ಸು! ಆಟ ಮುಗಿದು ಉಸಿರು ಬಿಟ್ಟಾಗಲಲ್ಲವೇ ಇವನ ಮುಖ ಸಡಿಲವಾಗುತ್ತಿದ್ದದ್ದು? ಬೇರೆ ಮಕ್ಕಳೆಲ್ಲ ಕಣ್ಣಿಂದ ನೋಡಿದರು. ಕಿವಿಯಿಂದ ಕಾದವಳು ಅವಳೊಬ್ಬಳೇ.

ಅವನ ಚಪ್ಪಲಿಗೆ ಅಡ್ಡ ನಿಂತಳು. "ಕೂತ್ಕೊಳ್ಳಿ. ಆ ಆಟ... ಒಂದು ಸಲ ಮಾಡಿ."

"ಇಲ್ಲೇನಾ? ಹೆದರ್ಕೊತೀರಮ್ಮ."

"ಹೆದರ್ಕೊಂಡೇ ಇದ್ದೀನಿ. ಮಾಡಿ."

ಒಂದು ಗೇಣು ದೂರದಲ್ಲಿ ಕೆಳತುಟಿ ಎದ್ದಿತು. ಗದ್ದ ಹತ್ತಿತು. ಮೂಗಿನ ಚುಕ್ಕೆ ತುಟಿಯೊಳಗೆ ಹೋಯಿತು. ಕೋಣೆಯಲ್ಲಿ ಮತ್ತೆ ಅಜ್ಜಿಯೇ ಮಲಗಿದ್ದ ಹಾಗಾಯಿತು. ಚೀರು ಹಲ್ಲಕ್ಕನ ಗಂಟಲವರೆಗೆ ಬಂದಿತ್ತು, ಕಚ್ಚಿ ಹಿಡಿದಳು. ಓಡಬೇಕೆಂದ ಕಾಲನ್ನು ಕುರ್ಚಿಯ ಕಾಲಿಗೆ ಒತ್ತಿದಳು. ಎಷ್ಟು ಹೊತ್ತು! ಭಾನುವಾರಗಳೆಲ್ಲ ಸಾಲಾಗಿ ನಿಂತು ಕಾಯುತ್ತಿದ್ದ ಹಾಗೆ.

"ಉಸ್ಸ್..."

ಮುಖ ನೆನೆದ ಬಟ್ಟೆಯಂತೆ ಇಳಿಯಿತು, ನಿಂತಿತು. ಒಂದೇ ಕ್ಷಣ. ಪಟ್ಟಿ ಇಟ್ಟಳು. "ಅರವತ್ತೆಂಟು ಮಿಲಿಮೀಟರ್! ಬರ್ಕೊಳ್ಳಿ!" ಎಂದವಳೇ ಪರದೆಯೊಳಗೆ ನುಗ್ಗಿ ಬೆಂಚು ಹಿಡಿದು ಕೂತಳು.

ಹೊಸ ಸೆಟ್ಟು ಕೂರಿಸಿದ ದಿನ ಮುದುಕ ಕನ್ನಡಿ ನೋಡಿ, "ಇದ್ಯಾರಪ್ಪ, ನಮ್ಮಪ್ಪ ಕೂತಿದ್ದಾನೆ!" ಎಂದು ಬೆಚ್ಚಿದನಂತೆ. ಮೂಗು ನುಂಗಲು ಹೋದರೆ ತುಟಿ ಅರ್ಧಕ್ಕೇ ನಿಂತಿತು. "ಹೋಯ್ತಾ?" ಎಂದು ಪರದೆಯತ್ತ ಕೇಳಿದ.

"ಹಲ್ಲಿರೋವಾಗ ಬರಲ್ಲ," ಎಂದಳು ಹಲ್ಲಕ್ಕ ಒಳಗಿನಿಂದ.

ಕನ್ನಡಿ ಕೆಳಗಿಟ್ಟ ಸದ್ದು. ಆಮೇಲೆ ಬಾಗಿಲ ಸದ್ದು, ಬಳೆಯ ಸದ್ದು. ಮೊಮ್ಮಗಳು ಕೂಸನ್ನು ಕರೆತಂದಿದ್ದಳು. "ತಗೊಳ್ಳಿ ತಾತ, ಗಟ್ಟಿಯಾಗಿ ಹಿಡ್ಕೊಳ್ಳಿ. ಅತ್ತರೆ ಅಳಲಿ," ಎಂದಳು.

ಹಲ್ಲಕ್ಕ ಉರಿಯುವ ದೀಪದ ಮುಂದೆ ಮೇಣದ ಚಾಕು ಹಿಡಿದು ಕಲ್ಲಾದಳು. ಈಗ ಕಿರುಚುತ್ತೆ, ಈಗ ಕಿರುಚುತ್ತೆ. ಮೇಣ ತೊಟ್ಟಿಕ್ಕಿ ಬೆರಳು ಸುಟ್ಟದ್ದೂ ತಿಳಿಯಲಿಲ್ಲ. ಆಚೆ ಕುರ್ಚಿ ಕಿರುಗುಟ್ಟಿತು. ಕೂಸು ಒಮ್ಮೆ ಬಿಕ್ಕಿತು. ನಿಂತಿತು.

"ಉಸ್ಸ್..."

ಹಲ್ಲಕ್ಕ ಎದ್ದು ಪರದೆ ಸರಿಸಿದಳು. ಮುದುಕ ಉಸಿರು ಬಿಟ್ಟು ಅಲ್ಲಾಡದೆ ಕೂತಿದ್ದ. ಕೂಸು ಅವನ ಮೂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು.