ಮಸಗುಪ್ಪಿಯ ಮಣ್ಣು, ಹಿತ್ತಿಲ ರಾಶಿ

ರೊಟ್ಟಿ ತಟ್ಟುತ್ತಿದ್ದೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಹೊಲದಿಂದ ಓಡಿ ಬಂದಳು.

"ಅಕ್ಕಾ, ಮಾವಾರು ಎರಡೂ ಕಡೀ ಕಡಲಿ ಕೂಡಿಸಿ ಕಣಕ್ಕ ಹಾಕಾಕ ಹೇಳ್ಯಾರ!"

ಕೂಡಿಸಿಬಿಟ್ಟರೆ ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆ ಹೊಲದಲ್ಲಿ ಅದುವರೆಗೆ ಜೋಳ ಬಿಟ್ಟರೆ ಬೇರೇನೂ ಬಿತ್ತಿರಲಿಲ್ಲ. ಯಮಕನಮರಡಿಯ ಸಂತೆಯಲ್ಲಿ ಬೇಸಾಯ ಖಾತೆಯ ಸಾಹೇಬರೊಬ್ಬರು ಹೇಳಿದ್ದರು: ಕಡಲೆ ಬೇರಿನ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಅವೇ ಗಿಡಕ್ಕೆ ಗೊಬ್ಬರ ಒದಗಿಸುತ್ತವೆ, ಕಡಲೆ ಬೆಳೆದ ಮಣ್ಣನ್ನು ಬೀಜಕ್ಕೆ ಹಚ್ಚಿದರೆ ಹೊಸ ಹೊಲಕ್ಕೂ ಬರುತ್ತವೆ. ನನ್ನ ತವರು ಮಸಗುಪ್ಪಿಯಲ್ಲಿ ಅಜ್ಜನ ಕಾಲದಿಂದ ಕಡಲೆಯೇ. ಅಲ್ಲಿಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಬೆಲ್ಲದ ನೀರಿನಲ್ಲಿ ಕಲಸಿ ಅರ್ಧ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಒಣಗಿಸಿದೆ. ಹತ್ತು ಸಾಲು ಅದು, ಹತ್ತು ಸಾಲು ಬರೀ ಬೀಜ.

"ತವರಮನಿ ಮಣ್ಣು ತಂದು ನಮ್ಮ ಹೊಲಾ ಉದ್ಧಾರ ಮಾಡ್ತಾಳಂತ!" ಎಂದು ಮಾವ ಓಣಿಯನ್ನೆಲ್ಲ ನಗಿಸಿದ್ದರು. ನಗಲಿ. ಬಿತ್ತಲು ಬಿಟ್ಟರಲ್ಲ, ಅಷ್ಟು ಶಿವನ ದಯೆ.

ಹಿಟ್ಟಿನ ಕೈಯಲ್ಲೇ ಹೊಲಕ್ಕೆ ಹೋಗಿ ಮಣ್ಣು ಹಚ್ಚಿದ ನನ್ನ ಸಾಲುಗಳಿಗೆ ಅಡ್ಡ ನಿಂತೆ.

"ಕೂಡಸಬ್ಯಾಡ್ರಿ."

"ಒಂದ ಕಣದಾಗ ಎರಡು ರಾಶಿ ಬಿದ್ರ ಮನಿ ಒಡದೈತಿ ಅಂತಾರ," ಎಂದರು ಮಾವ. "ನನ್ನ ಮಕ್ಕಳು ಇನ್ನೂ ಬ್ಯಾರಿ ಆಗಿಲ್ಲವಾ."

ಸುಳ್ಳಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದಾಗಲೇ ಕಣದಲ್ಲಿ ಎರಡು ರಾಶಿ ಬೀಳುವುದು. ಆದರೂ ನಾನು ಜರುಗಲಿಲ್ಲ.

"ಕಣದಾಗ ಬ್ಯಾಡ್ರಿ ಹಂಗಾರ. ನಂದು ಹಿತ್ತಲದಾಗ ಬಡೀತೇನಿ. ಅಳಿಯಾಕ ನೀವ ಬರ್ರಿ."

ಅಷ್ಟಕ್ಕೆ ಮಾವ ಒಪ್ಪಿದರು. ಗಿಡ ಕಿತ್ತು, ನಾನೂ ನೆಗೆಣ್ಣಿಯೂ ಹೊತ್ತು ತಂದೆವು. ಕಡಲೆ ಗಿಡದ ಮೈಮೇಲಿನ ಹುಳಿ ಬೆರಳಿನ ಬಿರುಕುಗಳಲ್ಲಿ ಇಳಿದು ಉರಿಯಿತು. ಒಣಗುವವರೆಗೆ ಲಿಂಗಪೂಜೆಯಲ್ಲಿ ಬೇಡಿದ್ದು ಒಂದೇ, ಮಳೆ ಬಾರದಿರಲಿ ಎಂದು. ಬರಲಿಲ್ಲ. ದನವೂ ಬಾಯಿ ಹಾಕಲಿಲ್ಲ; ಅದನ್ನು ಬೇಡಲು ಮರೆತಿದ್ದೆ, ಶಿವ ಮರೆತಿರಲಿಲ್ಲ.

ಕಣದ ರಾಶಿ ಅಳೆದಾದ ಮೇಲೆ ಮಾವ ಸೇರು ಹಿಡಿದು ಹಿತ್ತಿಲಿಗೆ ಬಂದರು. ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ. "ಲಾಭ... ಎರಡು... ಮೂರು..." ಕಣದ ಲೆಕ್ಕ ದಾಟಿತು. ಚೀಲ ಸುರುವಿ ಮತ್ತೆ ಅಳೆದರು. ಮತ್ತೆ ದಾಟಿತು. ಸೇರು ಕೆಳಗಿಟ್ಟರು.

"ಆ ಮಣ್ಣು ಉಳದೈತೇನವಾ?"

"ಈಗ ನಿಮ್ಮ ಹೊಲದಾಗನ ಐತಲ್ರಿ," ಎಂದೆ.

ಎಮ್ಮೆ ಕೂಗುತ್ತಿತ್ತು. ಕಡಲೆಯ ಹೊಟ್ಟು ಬುಟ್ಟಿಗೆ ತುಂಬಿಕೊಂಡು ಅತ್ತ ನಡೆದೆ.