ದ್ಯಾಮವ್ವ ಬೀಳುತ್ತಿದ್ದಾಳೆ

ಸಾಸಿವೆ ಚಟಪಟ ಅನ್ನುವ ಹೊತ್ತಿಗೇ ಅಡುಗೆಕಟ್ಟೆಯ ಮೇಲಿದ್ದ ಟ್ಯಾಬ್ಲೆಟ್ ಟಿಣ್ ಅಂದಿತು. ಅದರಲ್ಲಿ ನಾನೀಗ ನೋಡುವುದು ಅಡುಗೆಯ ವಿಡಿಯೊ ಮಾತ್ರ. ಗಾಜಿನ ತುಂಬ ಅರಿಶಿನದ ಬೆರಳ ಗುರುತು, ಮೂಲೆಯಲ್ಲಿ ಒಣಗಿ ಅಂಟಿದ ಕೊತ್ತಂಬರಿ. ಕೈ ಒರೆಸಿಕೊಂಡು ನೋಡಿದರೆ ಪ್ರಶಾಂತನ ಸಂದೇಶ: ‘ಅಕ್ಕ, ಶನಿವಾರ ಆಟ ಇದೆ. ಹೊಸ ಪಾತ್ರಕ್ಕೆ ಟೆಂಪ್ಲೇಟ್ ಕಳ್ಸಿದೀನಿ, ತುಂಬಿ ಇಟ್ಕೊಂಡು ಬನ್ನಿ.’ ಹೊಸ ಪಾತ್ರವಂತೆ! ಹಳೆಯವಳನ್ನು ಕೈಬಿಟ್ಟವರು ಎಷ್ಟು ಸಲೀಸಾಗಿ ಕರೆಯುತ್ತಾರೆ ನೋಡಿ. ಆ ಸಿಟ್ಟಿನಲ್ಲಿ ಒಗ್ಗರಣೆ ಸೀದುಹೋಯಿತು.

ಯಾವ ಆಟ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಇಸ್ಪೀಟು ಅಂದುಕೊಳ್ಳುತ್ತೀರಿ. ನಮ್ಮ ಎದುರು ಮನೆಯವರು ಇವತ್ತಿಗೂ ಹಾಗೇ ಅಂದುಕೊಂಡಿದ್ದಾರೆ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುವುದು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುವುದು, ಅದು ಕೈಗೂಡಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುವುದು. ಇಷ್ಟೇ. ಕಥೆ ನಡೆಸುವವನು ರುದ್ರೇಶ, ಮಾರತ್ತಹಳ್ಳಿಯಲ್ಲಿರುವ ಅವನ ಫ್ಲ್ಯಾಟೇ ನಮ್ಮ ಅಡ್ಡೆ. ಆಡುವವರು ಪ್ರಶಾಂತ, ಮೇಘಾ ಮತ್ತು ನಾನು. ಅವರು ಮೂವರೂ ಸಾಫ್ಟ್‌ವೇರಿನವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು.

ನನ್ನದು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ದಾಖಲೆ ಪರಿಶೀಲಿಸುವ ಕೆಲಸ. ಅಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ. ಯಂತ್ರ ತೊಳೆದದ್ದನ್ನು ನೀವು ಕಣ್ಣಾರೆ ಕಂಡಿರಬಹುದು, ಆದರೆ ತೊಳೆದವನು ಬರೆದು ಸಹಿ ಹಾಕುವವರೆಗೂ ಅದು ಕೊಳಕೇ. ವಾರವೆಲ್ಲ ಇದನ್ನೇ ತಿದ್ದಿ, ಮ್ಯಾನೇಜರರಿಗೆ ‘ಓಕೆ ಸಾರ್, ಆಯ್ತು ಸಾರ್’ ಅಂದು ಅಂದು ನಾಲಿಗೆ ಸವೆದಿರುತ್ತಿತ್ತು. ಶನಿವಾರ ನಾನು ಬಸ್ಸು ಹತ್ತುತ್ತಿದ್ದುದೇ ಪೆನ್ನು ಮುಟ್ಟದೆ, ಸಾರ್ ಅನ್ನದೆ ಒಂದಷ್ಟು ಹೊತ್ತು ಬದುಕೋಣ ಅಂತ.

ಅಲ್ಲಿ ನಾನು ದ್ಯಾಮವ್ವ. ಅರವತ್ತು ದಾಟಿದ, ಕತ್ತಿವರಸೆ ಬಲ್ಲ ಹೆಂಗಸು. ರಾಜನ ಎದುರು ಕೂತು ಎಲೆಅಡಿಕೆ ಜಗಿಯುತ್ತಲೇ ‘ನೀ ಹೇಳಿದ್ದು ಸರಿಯಿಲ್ಲ ಬಿಡಪ್ಪ’ ಅನ್ನುವವಳು. ಅವಳು ಬಾಯಿ ತೆಗೆದರೆ ರುದ್ರೇಶನ ರಾಕ್ಷಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಾರ್ಖಾನೆಯಲ್ಲಿ ಇಷ್ಟು ವರ್ಷ ನನ್ನ ಬಾಯಿಂದ ಒಂದೇ ಒಂದು ‘ಇಲ್ಲ’ ಹೊರಟಿದ್ದರೆ ಕೇಳಿ. ಆ ಮುದುಕಿಯ ಮೇಲೆ ನನಗೆ ಪ್ರಾಣ.

ಆಮೇಲೆ ಬಂತು ನೋಡಿ ಟ್ಯಾಬ್ಲೆಟ್ಟು. ಮೊದಲು ಪ್ರಶಾಂತ ತಂದ, ಆಮೇಲೆ ಬಣ್ಣ ಬದಲಿಸುವ ಪೆನ್ನಿನ ಸಮೇತ ಮೇಘಾ ತಂದಳು. ನಾನೇನು ಕಮ್ಮಿ? ಡಿಸ್ಕೌಂಟಿನಲ್ಲಿ ಒಂದು ಹೊಡೆದುಕೊಂಡು ಬಂದು, ದ್ಯಾಮವ್ವನ ಅಜ್ಜಿಯ ಊರಿನ ಬಾವಿಯ ಹೆಸರನ್ನೂ ಬರೆದಿಟ್ಟೆ. ಆ ಬಾವಿಯ ಹೆಸರು ಇವತ್ತಿನವರೆಗೆ ಯಾರಿಗೂ ಬೇಕಾಗಿಲ್ಲ. ಟಿಪ್ಪಣಿಗೆ ಯಾವ ಆ್ಯಪ್ ಒಳ್ಳೆಯದು ಎಂಬ ಚರ್ಚೆಯಲ್ಲೇ ಶನಿವಾರಗಳು ಕಳೆದವು. ಅಷ್ಟು ದಿನವೂ ಗುಹೆಯ ಬಾಗಿಲಲ್ಲಿ ಒಬ್ಬ ದೈತ್ಯ, ಪಾಪ, ಗದೆ ಎತ್ತಿಕೊಂಡು ನಿಂತೇ ಇದ್ದ. ಕೊನೆಗೆ ಪ್ರಶಾಂತ ತನ್ನ ಆಫೀಸಿನ ಮೀಟಿಂಗಿನ ಟೆಂಪ್ಲೇಟನ್ನೇ ತಂದು ನಮ್ಮ ಆಟಕ್ಕೆ ತೊಡಿಸಿದ: ಚರ್ಚೆ, ತೀರ್ಮಾನ, ಮುಂದಿನ ಕೆಲಸ, ಹೊಣೆ, ಸ್ಥಿತಿ. ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದ ಮೇಲೆ ಒಂದು ಮಾತಿಗೆ ಉತ್ತರ ಸಿಗುವಷ್ಟರಲ್ಲಿ ಚಹಾ ಆರಿ ಹೋಗುತ್ತಿತ್ತು. ಬೇಸತ್ತ ರುದ್ರೇಶ ಮರಳಿನ ಗಡಿಯಾರವೊಂದನ್ನು ಮೇಜಿನ ಮೇಲಿಟ್ಟ.

ಆ ಶನಿವಾರ ನಾವು ತೂಗುಸೇತುವೆ ದಾಟುತ್ತಿದ್ದೆವು. ಹಲಗೆ ಮುರಿಯಿತು. ದ್ಯಾಮವ್ವ ಒಂದೇ ಕೈಯಲ್ಲಿ ಹಗ್ಗ ಹಿಡಿದು ನೇತಾಡುತ್ತಿದ್ದಾಳೆ. ರುದ್ರೇಶ ಗಡಿಯಾರ ತಿರುಗಿಸಿಟ್ಟು, ‘ಮರಳು ಮುಗಿಯೋದ್ರೊಳಗೆ ಯಾರಾದ್ರೂ ಏನಾದ್ರೂ ಮಾಡಿ’ ಅಂದ.

‘ಕೈ ಕೊಡ್ರೋ ಯಾರಾದ್ರೂ!’ ಅಂದೆ. ಅವರಿಬ್ಬರಲ್ಲಿ ಒಬ್ಬರು ಹೇಳಬೇಕಾಗಿದ್ದದ್ದು ಒಂದೇ ಮಾತು, ‘ಹಿಡ್ಕೊಂಡೆ’ ಅಂತ.

ಪ್ರಶಾಂತ ಟೈಪ್ ಮಾಡುತ್ತಿದ್ದ. ‘ಒಂದ್ನಿಮಿಷ ಅಕ್ಕ, ಎಡಗೈಲಿ ಹಿಡ್ಕೊಂಡಿರೋದಾ, ಬಲಗೈಲಾ?’

‘ಎಡಗೈ ಕಣೋ!’ ಅಂದೆ, ದಡ್ಡಿಯ ಹಾಗೆ.

ಮೇಘಾ ಸೇತುವೆಯ ಚಿತ್ರ ಬಿಡಿಸುತ್ತಿದ್ದಳು. ‘ಸಕ್ಕತ್ತಾಗ್ ಬರ್ತಿದೆ ಅಕ್ಕ, ಹಾಗೇ ಇರಿ.’

ಹಾಗೇ ಇರಬೇಕಂತೆ! ಮರಳು ಮುಗಿಯಿತು. ‘ಬೀಳ್ತಿದಾಳೆ’ ಅಂದ ರುದ್ರೇಶ. ಇಬ್ಬರೂ ಅದನ್ನೂ ಬರೆದುಕೊಂಡರು.

ಬದುಕಿದಳೋ ಸತ್ತಳೋ ಎಂದು ಅವನು ದಾಳ ಉರುಳಿಸುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಅಳು ಬಂತು, ನಗಬೇಡಿ. ಪಕ್ಕದ ಸೀಟಿನ ಹೆಂಗಸು ‘ಯಾರು ಹೋದ್ರು ಮೇಡಂ?’ ಅಂದಳು. ‘ನಮ್ ಕಡೆ ಅಜ್ಜಿ’ ಅಂದೆ. ಪಾಪ, ಇಳಿಯುವವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಅವಳ ಹತ್ತಿರ ಟ್ಯಾಬ್ಲೆಟ್ ಇರಲಿಲ್ಲ.

ಮನೆ ಸೇರುವಷ್ಟರಲ್ಲಿ ಪ್ರಶಾಂತನ ಟಿಪ್ಪಣಿ ಬಂದಿತ್ತು. ‘ಸಕಾಲದಲ್ಲಿ ನೆರವು ದೊರೆಯದ ಕಾರಣ ದ್ಯಾಮವ್ವ ಬೀಳುತ್ತಿದ್ದಾಳೆ. ಮುಂದಿನ ಕೆಲಸ: ಗಟ್ಟಿ ಹಗ್ಗ ತರುವುದು. ಹೊಣೆ: ದ್ಯಾಮವ್ವ.’ ಮೈಯೆಲ್ಲ ಉರಿದು ಫೋನ್ ಮಾಡಿದೆ.

‘ನೆರವು ದೊರೆಯಲಿಲ್ಲ ಅಂದ್ರೆ ಏನೋ? ನೆರವೇನು ರಜಾ ಹಾಕಿತ್ತಾ? ಯಾರು ಕೊಡ್ಲಿಲ್ಲ ಅಂತ ಬರಿ.’

‘ಅಕ್ಕ, ಟೆಂಪ್ಲೇಟಲ್ಲಿ ಆ ಕಾಲಮ್ಮೇ ಇಲ್ಲ’ ಅಂದ.

ಅಲ್ಲಿಂದಾಚೆ ನಾನು ಆ ಕಡೆ ತಲೆ ಹಾಕಲಿಲ್ಲ. ಅವರೂ ಬೇರೆ ಕಥೆ ಹಿಡಿದರಂತೆ. ಶನಿವಾರ ಖಾಲಿಯಾದದ್ದು ಮ್ಯಾನೇಜರರ ಮೂಗಿಗೆ ಹೇಗೆ ಬಡಿಯಿತೋ ಕಾಣೆ, ‘ಸ್ವಲ್ಪ ಬಂದ್ಹೋಗಿ ಮೇಡಂ’ ಅನ್ನತೊಡಗಿದರು. ಓಕೆ ಸಾರ್. ಈ ಶನಿವಾರಕ್ಕೂ ಓಕೆ ಅಂದಾಗಿತ್ತು.

ಸೀದ ಒಗ್ಗರಣೆಯನ್ನು ಸಿಂಕಿಗೆ ಸುರಿದು, ಟ್ಯಾಬ್ಲೆಟ್ ಎತ್ತಿಕೊಂಡು ಹಳೆಯ ಟಿಪ್ಪಣಿ ತೆರೆದೆ. ಎಲ್ಲವೂ ಬಿಟ್ಟಲ್ಲೇ ಇತ್ತು. ಮೇಘಾಳ ಚಿತ್ರದಲ್ಲಿ ದ್ಯಾಮವ್ವ ಎಡಗೈ ಮೇಲೆತ್ತಿಕೊಂಡು ಗಾಳಿಯಲ್ಲಿದ್ದಾಳೆ. ಚೆನ್ನಾಗಿಯೇ ಬರೆದಿದ್ದಾಳೆ, ಹಾಳಾದವಳು. ಕೆಳಗೆ ಸ್ಥಿತಿ: ಬೀಳುತ್ತಿದ್ದಾಳೆ. ಅದರ ಮುಂದೆ ಏನೂ ಇಲ್ಲ. ಮತ್ತೊಮ್ಮೆ ಕೆಳಗಿನವರೆಗೂ ಜಾರಿಸಿ ನೋಡಿದೆ. ಎಲ್ಲವನ್ನೂ ಬರೆಯುವ ಈ ಪುಣ್ಯಾತ್ಮರು ಅವಳು ಸತ್ತಳೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಬರೆಯದೇ ಇದ್ದದ್ದು ನಡೆದೇ ಇಲ್ಲ. ಇಷ್ಟು ವರ್ಷ ಊರವರಿಗೆಲ್ಲ ಇದನ್ನೇ ಹೇಳಿಕೊಂಡು ಬಂದವಳು ನಾನು, ನನಗೇ ಹೊಳೆದಿರಲಿಲ್ಲ.

ಅರಿಶಿನದ ಬೆರಳಲ್ಲೇ ಮೊದಲು ಮ್ಯಾನೇಜರರಿಗೆ ಬರೆದೆ: ‘ಈ ಶನಿವಾರ ಬರಕ್ಕಾಗಲ್ಲ ಸಾರ್.’ ಮತ್ತೊಮ್ಮೆ ಓದಿ ನೋಡದೆ ಕಳಿಸಿಬಿಟ್ಟೆ. ಆಮೇಲೆ ಪ್ರಶಾಂತನಿಗೆ: ‘ಹೊಸ ಪಾತ್ರ ಬೇಡಪ್ಪ. ನಮ್ಮವಳು ಇನ್ನೂ ಬೀಳ್ತಾ ಇದಾಳೆ. ಶನಿವಾರ ಬರ್ತೀನಿ, ಎಲ್ರೂ ಕೈ ಖಾಲಿ ಇಟ್ಕೊಂಡು ಕೂತಿರಿ.’