ಅಜ್ಜಿಯ ಪತ್ತಲ, ಮೂರು ಅಂತಸ್ತಿನ ಡಬ್ಬಿ

ಅಥಣಿಗೆ ಕೊಟ್ಟಿದ್ದ ಅಕ್ಕ ಎರಡನೆಯ ಹೆರಿಗೆಗೆಂದು ಅಕ್ಕೋಳದ ನಮ್ಮ ಮನೆಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಎಣಿಸಿದರೆ ಮೀಸೆಯಲ್ಲಿ ಇಪ್ಪತ್ತು ಕೂದಲಿದ್ದವು. ಬುದ್ಧಿ ಅಷ್ಟೂ ಇರಲಿಲ್ಲ.

ಅಕ್ಕನ ಮೊದಲ ಕೂಸು ಹನ್ನೊಂದನೆಯ ದಿನ ತೀರಿಕೊಂಡಿತ್ತು. ಆ ಕೂಸಿಗೆ ಅಂಗಡಿಯಿಂದ ತಂದ ಹೊಸ ಬಟ್ಟೆ ಸುತ್ತಿದ್ದರು, ಅದೇ ತಪ್ಪಾಯಿತು ಅಂತ ಅವ್ವ ಎರಡು ವರ್ಷ ಅತ್ತಳು. ನಮ್ಮ ಕಡೆ ಹುಟ್ಟಿದ ಕೂಸನ್ನು ಮೊದಲು ಬಾಳಿ ಬದುಕಿದ ಹಿರಿಯಳ ಹಳೆ ಸೀರೆಯಲ್ಲಿ ಸುತ್ತಬೇಕು. ಅಂಥ ಹಿರಿಯಳು ನಮ್ಮ ಮನೆಯಲ್ಲೇ ಇದ್ದಳು. ಅಜ್ಜಿ ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು. ಅವಳ ಉಟ್ಟು ಉಟ್ಟು ಸವೆದ ಪತ್ತಲವನ್ನು, ಅಂದರೆ ಹಳೆಯ ಹತ್ತಿ ಸೀರೆಯನ್ನು, ಈ ಸಲ ಅವ್ವ ಎತ್ತಿಟ್ಟಿದ್ದಳು. ಎತ್ತಿಟ್ಟದ್ದು ನನಗೆ ಗೊತ್ತಿತ್ತು. ಎಲ್ಲಿ ಅಂತ ಕೇಳುವ ಗೋಜಿಗೆ ನಾನು ಹೋಗಿರಲಿಲ್ಲ.

ಅವತ್ತು ಬೆಳಿಗ್ಗೆ ಅಕ್ಕನನ್ನು ತೋರಿಸಿಕೊಂಡು ಬರಲು ಅಪ್ಪ, ಅವ್ವ, ಅಜ್ಜಿ ಎಲ್ಲ ನಿಪ್ಪಾಣಿಯ ದವಾಖಾನೆಗೆ ಹೊರಟರು. ಹೊಸ್ತಿಲಲ್ಲಿ ಅವ್ವ ಹೇಳಿದಳು: “ಹಳೆ ಅರಿವಿಗಿ ಭಾಂಡೆ ಕೊಡೂ ಮಾವಶಿ ಇವತ್ತ ಬರ್ತಾಳ. ಟ್ರಂಕಿನ ಮ್ಯಾಲಿನ ಗಂಟ ಕೊಡು. ತಳಕ ಕೈ ಹಾಕಬ್ಯಾಡ, ಕೇಳ್ತೇನಲೇ?”

“ಕೇಳ್ತಬೇ,” ಅಂದೆ. ಕೇಳಿದ್ದು ನಿಜವೇ.

ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ, ಊರೆಲ್ಲ ಮಾವಶಿ ಅಂತ ಕರೆಯುವ ಹೆಂಗಸು ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಅದರಲ್ಲಿ ಮೂರು ಅಂತಸ್ತಿನ ಸ್ಟೀಲ್ ಡಬ್ಬಿಯೊಂದು ಬಿಸಿಲಿಗೆ ಹೊಳೆಯಿತು. ಅದನ್ನು ಹಿಡಿದು ಚಿಕ್ಕೋಡಿಯ ಕಾಲೇಜಿಗೆ ಹೋದರೆ ಇಡೀ ಬಸ್ಸು ನನ್ನನ್ನೇ ನೋಡುತ್ತದೆ ಅಂತ ಆ ಕ್ಷಣದಲ್ಲಿ ನಿರ್ಧರಿಸಿಬಿಟ್ಟೆ.

ಮಾವಶಿಯ ಪರೀಕ್ಷೆಯ ಮುಂದೆ ನಮ್ಮ ಕಾಲೇಜಿನ ಪರೀಕ್ಷೆ ಏನೂ ಅಲ್ಲ. ನಾನು ತಂದ ಗಂಟಿನ ಒಂದೊಂದು ಪ್ಯಾಂಟನ್ನು ಬಿಸಿಲಿಗೆ ಹಿಡಿಯುವಳು, ಕೂಡುವ ಜಾಗಕ್ಕೆ ಎರಡೂ ಹೆಬ್ಬೆರಳು ಒತ್ತಿ ಜಗ್ಗುವಳು, ಜಿಪ್ಪನ್ನು ಮೂರು ಸಲ ಏರಿಸಿ ಇಳಿಸುವಳು.

“ಬಾಳಾ, ಈ ಜಿಪ್ ಸತ್ತೈತಿ.”

“ಇಲ್ಲ ಮಾವಶಿ, ಜಗ್ಗಿದ್ರ ಬರತೈತಿ.”

“ಜಗ್ಗಾಕ ಎತ್ತ ಹೂಡಬೇಕೇನ?”

ನಾನೂ ಸುಮ್ಮನಿರಲಿಲ್ಲ. ಅವಳು ಮಾಡಿದಂತೆಯೇ ಹೆಬ್ಬೆರಳು ಒತ್ತಿ, ‘ಇದು ಗಟ್ಟಿ, ಟೆರಿಕಾಟ್’ ಅಂತ ತೋರಿಸಲು ಹೋಗಿ ಅಪ್ಪನ ಒಂದು ಪ್ಯಾಂಟನ್ನು ಚರ್ ಅಂತ ಎರಡು ಮಾಡಿದೆ. ಹಾಗಾಗಿ ಡಬ್ಬಿಗೆ ಅರಿವೆ ಸಾಲದಾಯಿತು.

“ಇನ್ನೊಂದ ಏನರ ತಾ, ಗಂಟ ಕಟ್ಟಾಕರ ಆಗ್ಲಿ,” ಅಂದಳು.

ಟ್ರಂಕಿನ ತಳಕ್ಕೆ ಕೈ ಹಾಕಿದೆ. ಬಣ್ಣ ಹೋದ, ಜೇಡರ ಬಲೆಯಷ್ಟು ತೆಳ್ಳಗಿನ ಸೀರೆಯೊಂದು ಸಿಕ್ಕಿತು. ಬಿಸಿಲಿಗೆ ಹಿಡಿದೆ, ಸೂರ್ಯ ಇಡಿಯಾಗಿ ಕಂಡ. ಯಾತಕ್ಕೂ ಬಾರದ್ದು ಅಂತ ತೀರ್ಪು ಕೊಟ್ಟೆ. ಮಾವಶಿ ನಕ್ಕು, ಅದನ್ನೇ ನೆಲಕ್ಕೆ ಹಾಸಿ, ಎಲ್ಲ ಅರಿವೆ ಅದರಲ್ಲಿಟ್ಟು ಗಂಟು ಕಟ್ಟಿಕೊಂಡು, ಡಬ್ಬಿಯನ್ನು ನನ್ನ ಕೈಗಿಟ್ಟು ನಿಪ್ಪಾಣಿಯ ಬಸ್ಸು ಹತ್ತಿದಳು.

ಮಧ್ಯಾಹ್ನ ಅಪ್ಪ ಬೆವರಿಳಿಸುತ್ತ ಯಾರದೋ ಲೂನಾ ಗಾಡಿಯ ಮೇಲೆ ಬಂದ. “ಅಕ್ಕಗ ಬ್ಯಾನಿ ಸುರು ಆಗ್ಯಾವ, ದವಾಖಾನ್ಯಾಗ ಇಟಗೊಂಡಾರ. ಟ್ರಂಕಿನ ತಳದಾಗಿಂದ ನಿಮ್ಮಜ್ಜಿ ಪತ್ತಲ ತಗೊಂಡ ಬಾ ಅಂದಾಳ ನಿಮ್ಮವ್ವ.”

ಬೆಳಿಗ್ಗೆ ಗಂಟಾಗಿ ಹೋದ ಸೀರೆ ಯಾವುದು ಅಂತ ಆಗ ತಿಳಿಯಿತು. ಕಣ್ಣ ಮುಂದೆ ಬಂದದ್ದು ಹೊಡೆಯುವ ಅಪ್ಪನ ಕೈಯಲ್ಲ, ಮೊದಲ ಕೂಸಿನ ಹಿಡಿಯಷ್ಟು ಮುಖ.

“ನೀ ಮುಂದ ನಡಿಯಪ್ಪಾ, ನಾ ಸೈಕಲ್ ಮ್ಯಾಲ ತರ್ತೀನಿ,” ಅಂದೆ. ಅಪ್ಪ ಗಡಿಬಿಡಿಯಲ್ಲೇ ಲೂನಾ ತಿರುಗಿಸಿದ.

ಅವತ್ತು ಸೈಕಲ್ಲನ್ನು ನಾನು ತುಳಿದೆನೋ ಅದೇ ನನ್ನನ್ನು ಎಳೆದುಕೊಂಡು ಹೋಯಿತೋ ಗೊತ್ತಿಲ್ಲ. ಎರಡು ಸಲ ಚೈನು ಬಿತ್ತು, ಒಂದು ಸಲ ನಾನೇ ಬಿದ್ದೆ. ತಂಬಾಕಿನ ಹೊಲ ಬಂದಾಗಲೆಲ್ಲ ‘ಇಷ್ಟೊತ್ತಿಗೆ ಹುಟ್ಟಿರಬಹುದು’ ಅನ್ನಿಸಿ ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಡಬ್ಬಿಯನ್ನು ಮರಳಿ ಕೊಡಬೇಕಲ್ಲ ಅನ್ನುವುದು ಹೊಳೆದದ್ದು ನಿಪ್ಪಾಣಿ ಮುಟ್ಟಿದ ಮೇಲೆ.

ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಹುಡುಕಿಕೊಂಡು ಹೋದರೆ, ಹಿಂದಿನ ಓಣಿಯಲ್ಲಿ ಮಾವಶಿ ಅಂಗಳದ ತುಂಬ ಅರಿವೆ ಹರವಿಕೊಂಡು ಕುಳಿತಿದ್ದಳು. ಪತ್ತಲದ ಗಂಟು ಇನ್ನೂ ಗಂಟಾಗಿಯೇ ಇತ್ತು. ಆಮೇಲೆ ಬೇರೆ ಮನೆಗಳಲ್ಲಿ ಸಿಕ್ಕ ಅರಿವೆಯನ್ನೂ ಅದರಲ್ಲೇ ತುರುಕಿದ್ದರಿಂದ ಅದೀಗ ಎಮ್ಮೆಯಷ್ಟಾಗಿತ್ತು.

“ಮಾವಶಿ, ಆ ಪತ್ತಲ ವಾಪಸ್ ಕೊಡು.”

“ಡಬ್ಬಿ?”

“ಮನ್ಯಾಗ ಐತಿ.”

“ಹಂಗಾದ್ರ ಏನರ ಕೊಡು. ನಾಳಿ ಎಲ್ಲಾರೂ ವಾಪಸ್ ಅಂದ್ರ ನಾ ಏನ ತಿನ್ನಲಿ?”

ಕೊಡಲು ನನ್ನ ಬಳಿ ಇದ್ದದ್ದು ಮೈಮೇಲಿನದಷ್ಟೇ. ದೀಪಾವಳಿಗೆ ಹೊಲಿಸಿದ ಪ್ಯಾಂಟನ್ನು ಬಾಗಿಲ ಮರೆಗೆ ನಿಂತು ಬಿಚ್ಚಿಕೊಟ್ಟೆ. ಮಾವಶಿ ಅದನ್ನೂ ಬಿಸಿಲಿಗೆ ಹಿಡಿದು, ಹೆಬ್ಬೆರಳು ಒತ್ತಿ, “ಮೊಣಕಾಲಿನಾಗ ಹರದೈತಲ್ಲೋ,” ಅಂದಳು. ದಾರಿಯಲ್ಲಿ ಬಿದ್ದದ್ದರ ಗುರುತು ಅದು.

ಆಗ ಅಳು ಬಂದುಬಿಟ್ಟಿತು. ಅಕ್ಕನ ಕಥೆಯನ್ನೆಲ್ಲ ಹೇಳಿದೆ, ಚಡ್ಡಿಯಲ್ಲಿ ನಿಂತು.

“ಅರೇ ದೇವಾ, ಮೊದಲ ಹೇಳೂದಲ್ಲೇನ!” ಅಂದವಳೇ ಗಂಟು ಬಿಚ್ಚಿ ಪತ್ತಲ ಜಾಡಿಸಿ ಕೊಟ್ಟಳು. ನನ್ನ ಪ್ಯಾಂಟನ್ನು ಮಾತ್ರ ಕೊಡಲಿಲ್ಲ. ಗಂಟಿನೊಳಗಿಂದ ಒಂದು ಬಿಳಿ ಪೈಜಾಮ ಎಸೆದಳು.

“ಯಾರದ ಮಾವಶಿ ಇದು?”

“ಹಾಕ್ಕೊ. ಅಂವ ಕೇಳಾಕ ಬರೂದಿಲ್ಲ. ಹ್ವಾದ ಅಮಾಸಿಗಿ ಹ್ವಾದ.”

ಸತ್ತವನ ಅರಿವೆ ಇಷ್ಟು ಹೊತ್ತು ಇದೇ ಪತ್ತಲದೊಳಗೆ ಮಲಗಿತ್ತು! ಇದನ್ನೇ ಈಗ ಹುಟ್ಟುವ ಕೂಸಿಗೆ ಸುತ್ತಬೇಕು.

ದವಾಖಾನೆಯ ಬೇವಿನ ಮರದ ಕೆಳಗೆ, ಮೊಣಕಾಲಿಗೇ ಮುಗಿದುಹೋದ ಪೈಜಾಮದಲ್ಲಿ ನಿಂತೆ. ಒಳಗಿನಿಂದ ಅಕ್ಕ ಚೀರುವುದು ಕೇಳುತ್ತಿತ್ತು. ಹೇಳಿದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ. ಹೇಳದೆ ಕೊಟ್ಟು ಕೂಸಿಗೆ ಏನಾದರೂ ಆದರೆ? ಸೀರೆಯನ್ನು ಮತ್ತೆ ಬಿಸಿಲಿಗೆ ಹಿಡಿದು ನೋಡಿದೆ. ಬೆಳಿಗ್ಗೆ ಅಷ್ಟು ಬೇಗ ತೀರ್ಪು ಕೊಟ್ಟ ಪಂಡಿತ ಈಗ ಅದನ್ನು ಎದೆಗೆ ಅವಚಿಕೊಂಡು ಒಳಗೆ ನಡೆದ.

ಪಡಸಾಲೆಯಲ್ಲಿ ಅಜ್ಜಿ ಒಬ್ಬಳೇ ಕುಳಿತಿದ್ದಳು. ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ, ಪತ್ತಲವನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡು ದೇವರನ್ನು ನೆನೆದಳು. ಅದನ್ನು ಕಂಡು ನನ್ನ ಉಳಿದ ಧೈರ್ಯವೂ ಹೋಯಿತು.

“ಚಹಾದಂಗಡಿಗಿ ಹೋಗಿ ಕುದಿನೀರ ತಾ,” ಅಂದಳು ಕೊನೆಗೆ. “ನಿಮ್ಮವ್ವನ ಮುಂದ ಬಾಯಿ ತೆರದಿ ಅಂದ್ರ ನಾಲಿಗಿ ಕೀಳ್ತೀನಿ.”

ಮೂರು ಸಲ ಕುದಿನೀರಿನಲ್ಲಿ ಅದ್ದಿ ಹಿಂಡಿದೆವು. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಬಿಸಿಲಿಗೆ ನಿಲ್ಲಿಸಿದಳು. “ಒಣಗೂ ತನಕ ಬಿಟ್ಟಿ ನೋಡು.”

ನಾನು ಊದುತ್ತಲೂ ಇದ್ದೆ. ನಾನು ಊದಿದ್ದಕ್ಕೇ ಸೀರೆ ಒಣಗುತ್ತದೆ ಅಂತ ಅವತ್ತು ನಿಜವಾಗಿಯೂ ನಂಬಿದ್ದೆ.

ಒಳಗೆ ಕೂಸು ಅತ್ತಿತು. ನರ್ಸಬಾಯಿ ಹೊರಗೆ ಬಂದು, “ಹೆಣ್ಣ ಆಗೈತಿ, ಸುತ್ತಾಕ ಅರಿವಿ ಕೊಡ್ರಿ ಲಗೂನ,” ಅಂದಳು. ಅಂಚು ಇನ್ನೂ ಹಸಿ ಇತ್ತು. ಅಜ್ಜಿ ಉದ್ದಕ್ಕೂ ಕೆನ್ನೆ ಹಚ್ಚಿ ನೋಡಿ, ನಡುವೆ ಒಣಗಿದ ಜಾಗ ಹುಡುಕಿ ಹರಿದು ಕೊಟ್ಟಳು.

ಆಮೇಲಿನ ದಿನಗಳಲ್ಲಿ ನಾನು ಕಾಲೇಜಿಗೆ ಹೋಗಲಿಲ್ಲ. ಕೂಸು ಮಲಗಿದಾಗಲೆಲ್ಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದೇ ನನ್ನ ಕೆಲಸವಾಯಿತು. ಅಕ್ಕ ಮಾತ್ರ, “ನೋಡಬೇ, ಕೂಸಿನ ಮ್ಯಾಲ ಎಷ್ಟ ಜೀವ ಇವಂದು,” ಅಂತ ಹೊಗಳುತ್ತಿದ್ದಳು. ಹನ್ನೊಂದನೆಯ ದಿನ ನಾನು ಊಟವನ್ನೇ ಮಾಡಲಿಲ್ಲ.

ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದರು. ಉಳಿದ ಪತ್ತಲವನ್ನು ತೊಟ್ಟಿಲಿಗೆ ಹಾಸುವಾಗ ಅವ್ವ ಮೂಲೆಯ ಸುಕ್ಕನ್ನು ಉಜ್ಜಿ ನೋಡಿದಳು. “ಇದ್ಯಾಕಬೇ, ಗಂಟ ಕಟ್ಟಿದಂಗ ಗುರ್ತ ಐತಿ?”

“ನಾನ ಕಟ್ಟಿದ್ನಿ,” ಅಂದಳು ಅಜ್ಜಿ, ನನ್ನ ಕಡೆ ನೋಡದೆ.

ಅಷ್ಟರಲ್ಲಿ ಕೂಸು ಸೀನಿತು. ನೆರೆದ ಹೆಂಗಸರೆಲ್ಲ ನಕ್ಕರು. ಇಬ್ಬರು ಮಾತ್ರ ನಗದೆ ಧಡಕ್ಕನೆ ತೊಟ್ಟಿಲಿಗೆ ಬಗ್ಗಿದೆವು, ಅಜ್ಜಿ ಮತ್ತು ನಾನು. ಇಬ್ಬರ ತಲೆಯೂ ಡಿಕ್ಕಿ ಹೊಡೆದು, ಕೂಸು ಕಣ್ಣು ಬಿಟ್ಟಿತು.